ಎರಡು ಬಸಿರುಗಳ ನಡುವೆ ಎಷ್ಟು ಬಿಡುವು ಬೇಕು?

ಪ್ರಶ್ನೆ: ನನಗೆ 27 ವರ್ಷ. ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಮಗನಿಗೆ ಈಗ ಎಂಟು ತಿಂಗಳು ತುಂಬಿದೆ. ಎದೆಹಾಲಿನ ಜೊತೆಗೆ ರಾಗಿ ಸರಿಯನ್ನೂ ತಿನ್ನಿಸುತ್ತಿದ್ದೇನೆ. ಮುಟ್ಟು ಇನ್ನೂ ಆರಂಭವಾಗಿಲ್ಲ. ಬೇಗನೆ ಇನ್ನೊಂದು ಮಗುವಾದರೆ ಇಬ್ಬರೂ ಒಟ್ಟಿಗೆ ಬೆಳೆಯುತ್ತಾರೆ, ಬಾಣಂತನ ಮಾಡಲು ತಮಗೂ ಈಗ ಶಕ್ತಿಯಿದೆ ಎಂದು ಅತ್ತೆಯವರು ಹೇಳುತ್ತಾರೆ. ಆಶಾ ಕಾರ್ಯಕರ್ತೆ ಮೂರು ವರ್ಷ ಅಂತರವಿರಲಿ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಎರಡು ವರ್ಷ ಎಂದಿದ್ದರು. ಅಂತರ ಕಡಿಮೆಯಾದರೆ ಹುಟ್ಟುವ ಮಗುವಿಗೆ ನಿಜವಾಗಿಯೂ ತೊಂದರೆಯಾಗುತ್ತದೆಯೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮಗೆ ಹೇಳಿರುವ ಎರಡು ಮಾತುಗಳೂ ಒಂದೇ. ಹೆರಿಗೆಯಾದ ದಿನದಿಂದ ಮತ್ತೆ ಬಸಿರಾಗುವವರೆಗೆ ಕನಿಷ್ಠ 24 ತಿಂಗಳು ಕಳೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಅದಕ್ಕೆ ಒಂಬತ್ತು ತಿಂಗಳು ಸೇರಿಸಿದರೆ ಇಬ್ಬರು ಮಕ್ಕಳ ನಡುವೆ ಸುಮಾರು ಮೂರು ವರ್ಷವಾಗುತ್ತದೆ.

ತೊಂದರೆಯಾಗುವ ಸಾಧ್ಯತೆ ನಿಜವಾಗಿಯೂ ಹೆಚ್ಚುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೆರಿಗೆಯಾದ ಆರು ತಿಂಗಳೊಳಗೆ ಮತ್ತೆ ಬಸಿರಾದವರಲ್ಲಿ, 18ರಿಂದ 23 ತಿಂಗಳು ಬಿಡುವು ಪಡೆದವರಿಗಿಂತ, ಅವಧಿಗೆ ಮುನ್ನ ಹೆರಿಗೆಯಾಗುವ ಸಾಧ್ಯತೆ ಶೇಕಡ 40ರಷ್ಟೂ ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಸಾಧ್ಯತೆ ಶೇಕಡ 60ರಷ್ಟೂ ಹೆಚ್ಚಿತ್ತು. ನೂರರಲ್ಲಿ ನಲವತ್ತು ಮಕ್ಕಳು ಬೇಗ ಹುಟ್ಟುತ್ತಾರೆ ಎಂದು ಇದನ್ನು ಓದಬಾರದು. ಎಲ್ಲರಿಗೂ ಇರುವ ಅಪಾಯ ಅಷ್ಟು ಪಾಲು ಏರುತ್ತದೆ ಎಂದರ್ಥ. ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದ ಕೆಲವು ಅಧ್ಯಯನಗಳಲ್ಲಿ ಈ ಏರಿಕೆ ಕಡಿಮೆ ಕಂಡಿದೆ. ಆದರೆ ಅವು ಅನುಕೂಲವಂತ ದೇಶಗಳವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ರಕ್ತಹೀನತೆಯಿರುವ ನಮ್ಮ ದೇಶದಲ್ಲಿ ಅದನ್ನು ನೆಚ್ಚಿ ಅವಸರಪಡಲು ನಾನು ಹೇಳಲಾರೆ.

ಬಸಿರು, ಹೆರಿಗೆಯ ರಕ್ತಸ್ರಾವ, ಹಾಲೂಡಿಸುವುದು – ಇವೆಲ್ಲ ತಾಯಿಯ ಮೈಯಲ್ಲಿರುವ ಕಬ್ಬಿಣಾಂಶ ಮತ್ತು ಫೋಲೇಟ್ (ಮಾತ್ರೆಯಲ್ಲಿ ಫೋಲಿಕ್ ಆಮ್ಲವಾಗಿ ಸಿಗುವ ಬಿ ಜೀವಸತ್ವ) ಸಂಗ್ರಹವನ್ನು ಖರ್ಚು ಮಾಡುತ್ತವೆ, ಮತ್ತು ಆ ಸಂಗ್ರಹ ಮರಳಿ ತುಂಬಲು ತಿಂಗಳುಗಳೇ ಬೇಕು. ಭ್ರೂಣದ ಮೆದುಳು ಮತ್ತು ಬೆನ್ನುಹುರಿಯಾಗುವ ನಾಳವು ಗರ್ಭ ನಿಂತ ನಾಲ್ಕು ವಾರಗಳಲ್ಲೇ, ಎಷ್ಟೋ ಸಲ ತಾಯಿಗೆ ಬಸಿರಿನ ಸುಳಿವೂ ಸಿಗುವ ಮೊದಲೇ, ಮುಚ್ಚಿಕೊಳ್ಳಬೇಕಾಗಿದ್ದು, ಆಗ ಫೋಲೇಟ್ ಸಾಕಷ್ಟಿರಲೇಬೇಕು. ನಿಮಗಂತೂ ಗರ್ಭಕೋಶದ ಹೊಲಿಗೆಯ ಗಾಯವೂ ಗಟ್ಟಿಯಾಗಬೇಕಿದೆ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷವೂ ಇಲ್ಲದಿದ್ದರೆ ನೋವು ತಿನ್ನುವಾಗ ಆ ಗಾಯ ಬಿರಿಯುವ ಅಪಾಯ ಹೆಚ್ಚು. ಬಿರಿದರೆ ನಿಮಿಷಗಳಲ್ಲೇ ಮಗುವಿಗೆ ಆಮ್ಲಜನಕ ತಪ್ಪುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಬೇರೆ ವಿಷಯ. ಹಾಲೂಡಿಸುವುದು ಬಸಿರನ್ನು ತಡೆಯಬೇಕಾದರೆ ಮಗುವಿಗೆ ಆರು ತಿಂಗಳಾಗಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟೂ ಬಂದಿರಬಾರದು. ಮೊದಲೆರಡು ನಿಮ್ಮ ಪಾಲಿಗೆ ಆಗಲೇ ಮುಗಿದಿವೆ. ಮುಟ್ಟು ಮರಳುವ ಮುನ್ನವೇ ಅಂಡ ಬಿಡುಗಡೆಯಾಗುವುದರಿಂದ ಮುಟ್ಟಾಗದೆಯೇ ಬಸಿರಾಗಬಹುದು. ಈ ವಾರವೇ ಮೂತ್ರ ಪರೀಕ್ಷೆ ಮಾಡಿಸಿ, ಬಸಿರಿಲ್ಲವೆಂದು ಖಚಿತವಾದ ಮೇಲೆ ಒಂದು ವಿಧಾನ ಆರಿಸಿಕೊಳ್ಳಿ. ಗರ್ಭಕೋಶದೊಳಗೆ ಅಳವಡಿಸುವ ವಂಕಿ, ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ದೊರೆಯುತ್ತವೆ ಮತ್ತು ಹಾಲೂಡಿಸುವ ತಾಯಂದಿರಿಗೂ ಹೊಂದುತ್ತವೆ.

ಅತ್ತೆಯವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಅವರ ಆ ಶಕ್ತಿ ಈಗಲೇ ಬೇಕು: ಮೊಮ್ಮಗನಿಗೆ ಎರಡು ವರ್ಷ ತುಂಬುವವರೆಗೆ ಎದೆಹಾಲು ಸಿಗುವಂತೆ, ಸೊಸೆ ಹೊತ್ತಿಗೆ ಸರಿಯಾಗಿ ಉಂಡು ಮಲಗುವಂತೆ ನೋಡಿಕೊಳ್ಳಲು. ಅವರನ್ನೂ ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಹೊಲಿಗೆಯ ವಿಷಯವನ್ನು ವೈದ್ಯರೇ ವಿವರಿಸಲಿ.

ಪ್ರಶ್ನೆ: ಎರಡು ತಿಂಗಳ ಹಿಂದೆ, ಹತ್ತನೇ ವಾರದಲ್ಲಿ ನನಗೆ ಗರ್ಭಪಾತವಾಯಿತು. ನಾನೂ ಎರಡು ವರ್ಷ ಕಾಯಬೇಕೆ?
– ಓದುಗರು, ಮೈಸೂರು

ಉತ್ತರ: ನಿಮ್ಮ ನೋವಿನಲ್ಲಿ ನಾನೂ ಭಾಗಿ. ಎರಡು ವರ್ಷ ಕಾಯಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಕನಿಷ್ಠ ಆರು ತಿಂಗಳು. ಅನಂತರದ ಅಧ್ಯಯನಗಳಲ್ಲಿ, ಗರ್ಭಪಾತವಾದ ಆರು ತಿಂಗಳೊಳಗೆ ಬಸಿರಾದವರ ಮಕ್ಕಳಿಗೆ ಹೆಚ್ಚಿನ ಕೇಡು ಕಂಡಿಲ್ಲ. ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಫೋಲಿಕ್ ಆಮ್ಲದ ಮಾತ್ರೆಯನ್ನು ಮಾತ್ರ ಬಸಿರಾಗುವವರೆಗೆ ಕಾಯದೆ ಇಂದಿನಿಂದಲೇ ಆರಂಭಿಸಿ.