ಜಪಾನಿ ಲೇಖಕ ಮುರಕಾಮಿಯ ‘ದಿ ವೈಂಡ್-ಅಪ್ ಬರ್ಡ್ ಕ್ರಾನಿಕಲ್’ ಕಾದಂಬರಿ 100 ಪುಟ ಓದಿ ನಿಲ್ಲಿಸಿದ್ದೇನೆ. ತಲೆಬುಡ ಗೊತ್ತಾಗುತ್ತಿಲ್ಲ, ಮುಂದುವರಿಸಲಾ?

ಮೊದಲ ಭಾಗದ ಕೊನೆವರೆಗಾದರೂ ಓದಿ. ಆಮೇಲೆ ಬಿಡುವುದು ನಿಮ್ಮಿಷ್ಟ. ನಾನು ಇಂಗ್ಲಿಷಿನಲ್ಲಿ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂದಿತ್ತು. ಎರಡನೇ ಸಲವೂ ಪೂರ್ತಿ ಹೋಗಲಿಲ್ಲ.

ನೀವು ನಿಲ್ಲಿಸಿದ ಜಾಗದಲ್ಲೇ ನಾನೂ ಒದ್ದಾಡಿದ್ದೆ. ತೋರು ಒಕಾದಾ, 30 ವರ್ಷ, ಕೆಲಸ ಬಿಟ್ಟು ಟೋಕಿಯೋದ ಮನೆಯಲ್ಲಿ ಕೂತಿದ್ದಾನೆ. ಸ್ಪಗೆಟ್ಟಿ ಬೇಯಿಸುತ್ತಾನೆ, ಅಂಗಿಗೆ ಇಸ್ತ್ರಿ ಹಾಕುತ್ತಾನೆ, ಕಳೆದುಹೋದ ಬೆಕ್ಕು ಹುಡುಕುತ್ತಾನೆ. ಯಾರೋ ಹೆಂಗಸು ಫೋನ್ ಮಾಡಿ ‘ಹತ್ತು ನಿಮಿಷ ಕೊಡು’ ಅನ್ನುತ್ತಾಳೆ. ಮಾಲ್ಟಾ, ಕ್ರೀಟಾ ಅಂತ ದ್ವೀಪಗಳ ಹೆಸರಿಟ್ಟುಕೊಂಡ ಅಕ್ಕತಂಗಿಯರು ಬರುತ್ತಾರೆ. ಪುಣ್ಯಾತ್ಮ ಯಾವುದಕ್ಕೂ ಹೆಚ್ಚು ಬೆರಗಾಗುವುದಿಲ್ಲ!

ವಿಚಿತ್ರ ನಮಗೇನೂ ಹೊಸದಲ್ಲ, ಅಲ್ವಾ? ಅಜ್ಜಿ ಕಥೆಯಲ್ಲಿ ಹುಡುಗಿ ಹೂವಿನ ಗಿಡವಾದಾಗ ತಲೆಯಾಡಿಸಿ ಕೇಳಿದವರು ನಾವು. ಆದರೆ ಅಲ್ಲೊಂದು ಕಟ್ಟು ಇತ್ತು. ಒಂದು ಬಿಂದಿಗೆ ನೀರು ಸುರಿದರೆ ಗಿಡ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಮುರಕಾಮಿ ಆ ಕಟ್ಟನ್ನು ಹೇಳುವುದೇ ಇಲ್ಲ. ಕೊನೆವರೆಗೂ ಹೇಳುವುದಿಲ್ಲ, ಈಗಲೇ ತಿಳಿದಿರಲಿ.

ಹಾಗಿದ್ದರೂ ಓದಿ ಅಂದದ್ದು ಮಾಮಿಯಾಗಾಗಿ. ಮೊದಲ ಭಾಗದ ಕೊನೆಗೆ ಈ ಮುದಿ ಲೆಫ್ಟಿನೆಂಟ್ ಬಂದು 1938ರ ಕಥೆ ಹೇಳುತ್ತಾನೆ. ಮಂಗೋಲಿಯಾ ಗಡಿಯಲ್ಲಿ ಜೊತೆಗಾರನ ಚರ್ಮವನ್ನು ಕಣ್ಣೆದುರೇ ಸುಲಿಯುತ್ತಾರೆ. (ಊಟದ ಹೊತ್ತಲ್ಲಿ ಈ ಪುಟ ತೆಗೆಯಬೇಡಿ.) ಆಮೇಲೆ ಇವನನ್ನು ಒಣಬಾವಿಗೆ ಹಾರಿಸುತ್ತಾರೆ. ದಿನಕ್ಕೊಮ್ಮೆ, ಕೆಲವೇ ಸೆಕೆಂಡ್, ಬಿಸಿಲು ತಳದವರೆಗೆ ಇಳಿಯುತ್ತದೆ. ಆ ಬೆಳಕಿನಲ್ಲೇ ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಅವನಿಗೆ. ಬದುಕಿ ಊರಿಗೆ ಮರಳುತ್ತಾನೆ, ಆದರೆ ಒಳಗೆಲ್ಲ ಖಾಲಿ. ಮುಂದೆ ತೋರು ಪಕ್ಕದ ಪಾಳುಮನೆಯ ಬಾವಿಗೆ ತಾನಾಗಿ ಇಳಿದಾಗ ನನಗೆ ಆ ಬಿಸಿಲೇ ಕಣ್ಣಿಗೆ ಬರುತ್ತಿತ್ತು. ಆ ಗಡಿಯಲ್ಲೇ 1939ರಲ್ಲಿ ನೊಮೊನ್‌ಹಾನ್ ಯುದ್ಧ ನಡೆದು ಜಪಾನ್ ಸೋವಿಯತ್ ಸೇನೆಗೆ ಸೋತಿತು. ಇಸ್ತ್ರಿ ಹಾಕುವವನ ಮನೆಯಡಿ ಆ ಯುದ್ಧ ಇನ್ನೂ ಮುಗಿದಿಲ್ಲ. ಮೂರನೇ ಭಾಗದಲ್ಲಿ ಆಗ ಜಪಾನ್ ಹಿಡಿತದಲ್ಲಿದ್ದ ಚೀನಾದ ಮಂಚೂರಿಯಾದ ಮೃಗಾಲಯದ ಪ್ರಾಣಿಗಳನ್ನು ಸೈನಿಕರು ಗುಂಡಿಟ್ಟು ಕೊಲ್ಲುವ ಅಧ್ಯಾಯವಿದೆ. ಅದೂ ಅಷ್ಟೇ ಗಟ್ಟಿ.

ಇವೆರಡರ ನಡುವೆ ನನಗೆ ಬೇಸರ ಬಂದದ್ದು ನಿಜ. ಹೆಂಗಸರೆಲ್ಲ ತೋರುವಿನ ಹತ್ತಿರ ಬರುತ್ತಾರೆ, ತಮ್ಮ ಕಥೆ ಹೇಳುತ್ತಾರೆ, ಮಾಯವಾಗುತ್ತಾರೆ. ಹೆಂಡತಿ ಕುಮಿಕೊ ಬಿಟ್ಟುಹೋಗುತ್ತಾಳೆ. ಇಡೀ ಕಾದಂಬರಿ ಅವಳಿಗಾಗಿ ನಡೆದರೂ ಅವಳು ನನಗೆ ಅಪರಿಚಿತಳಾಗಿಯೇ ಉಳಿದಳು. ಪಕ್ಕದ ಮನೆಯ ಹುಡುಗಿ ಮೇ ಕಸಹಾರಾ ಒಬ್ಬಳೇ ಜೀವಂತ. ವಿಗ್ ಕಂಪನಿಗಾಗಿ ರಸ್ತೆಯಲ್ಲಿ ಬೋಳುತಲೆ ಎಣಿಸುವ ಕೆಲಸ ಅವಳದು!

ಇನ್ನೊಂದು ಮಾತು. ಮುಂದೆ ಗೊಂದಲವಾದರೆ ತಪ್ಪು ಪೂರ್ತಿ ನಿಮ್ಮದಲ್ಲ. 1997ರಲ್ಲಿ ಬಂದ ಜೇ ರೂಬಿನ್ ಇಂಗ್ಲಿಷ್ ಅನುವಾದದಲ್ಲಿ ಸುಮಾರು 25,000 ಪದಗಳಿಗೆ ಕತ್ತರಿ ಬಿದ್ದಿದೆ. ಪುಸ್ತಕ ತೀರಾ ಉದ್ದವಾಗಬಾರದು ಅಂತ ಪ್ರಕಾಶಕರ ಷರತ್ತಿತ್ತು. ಇದು ತಿಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಎರಡನೇ ಸಲ ಓದಿದ್ದೂ ಅದಕ್ಕೇ.

ಬೆಕ್ಕು ಸಿಗುತ್ತದಾ ಅಂತ ಕಾಯುತ್ತಿದ್ದರೆ, ಸಿಗುತ್ತದೆ. ಅದಕ್ಕಿದ್ದ ಭಾವಮೈದುನನ ಹೆಸರು ತೆಗೆದು ತೋರು ಒಂದು ಮೀನಿನ ಹೆಸರಿಡುತ್ತಾನೆ.