ಅಟೆನ್ಯುಯೇಟರ್ ಬದಲಿಸಿದರೆ ಫೇಸ್ ಯಾಕೆ ಜಾರುತ್ತೆ?

ಪ್ರಶ್ನೆ: ಎಂ.ಟೆಕ್ ಪ್ರಾಜೆಕ್ಟ್‌ಗೆ ಫೇಸ್ಡ್ ಅರೇ ರಾಡಾರ್‌ನ (ಆಂಟೆನಾ ತಿರುಗಿಸದೆ, ಸಾಲುಸಾಲು ಪುಟ್ಟ ಆಂಟೆನಾಗಳ ಫೇಸ್ ಬದಲಿಸಿ ಕಿರಣ ತಿರುಗಿಸುವ ರಾಡಾರ್) ಚಿಪ್ ಡಿಸೈನ್ ಮಾಡುತ್ತಿದ್ದೇನೆ, 10 ಗಿಗಾಹರ್ಟ್ಸ್‌ಗೆ. ಅಟೆನ್ಯುಯೇಟರ್‌ನ (ಸಿಗ್ನಲ್ ತಗ್ಗಿಸುವ ಭಾಗ) 16 ಡಿಬಿ ಬಿಟ್ ಹಾಕಿದರೆ, ಅಂದರೆ 16 ಡೆಸಿಬೆಲ್ ತಗ್ಗಿಸುವ ಹಂತದ ಸ್ವಿಚ್ ಒತ್ತಿದರೆ, ಫೇಸ್ (ಅಲೆಯ ಏರಿಳಿತದ ಹೊತ್ತು) ಕೂಡ 18 ಡಿಗ್ರಿ ಮುಂದೆ ಹೋಗುತ್ತೆ. ಫೇಸ್ ಬದಲಿಸೋ ಫೇಸ್ ಶಿಫ್ಟರ್ ಮುಟ್ಟಿಯೇ ಇಲ್ಲ! ಆಮೇಲೆ ಕ್ಯಾಲಿಬ್ರೇಶನ್ ಟೇಬಲ್ (ತಪ್ಪನ್ನು ಅಳೆದು ಸರಿಪಡಿಸುವ ಪಟ್ಟಿ) ಹಾಕಿಕೊಂಡರೆ ಸಾಕಲ್ವಾ? – ಓದುಗ, ಹುಬ್ಬಳ್ಳಿ

ಉತ್ತರ: ಸಾಲದು. 6 ಬಿಟ್ ಫೇಸ್ ಶಿಫ್ಟರ್‌ನ ಒಂದು ಮೆಟ್ಟಿಲು 5.625 ಡಿಗ್ರಿ, ನಿಮ್ಮದು ಮೂರು ಮೆಟ್ಟಿಲಿಗಿಂತ ಜಾಸ್ತಿ ಜಾರಿದೆ. ಬೆಂಗಳೂರಿನ ಡಿಆರ್‌ಡಿಒ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ತೇಜಸ್ ಯುದ್ಧವಿಮಾನಕ್ಕೆ ಮಾಡಿದ ಉತ್ತಮ್ ಥರದ ರಾಡಾರ್‌ನಲ್ಲಿ ನೂರಾರು ಎಲಿಮೆಂಟ್, ಅಂದರೆ ಪುಟ್ಟ ಆಂಟೆನಾ ಇರುತ್ತವೆ. ಸೈಡ್‌ಲೋಬ್ (ಮುಖ್ಯ ಕಿರಣದ ಅಕ್ಕಪಕ್ಕ ಚೆಲ್ಲುವ ಸಿಗ್ನಲ್) ತಗ್ಗಿಸಲು ಅಂಚಿನ ಎಲಿಮೆಂಟ್‌ಗಳಿಗೆ ಜಾಸ್ತಿ ಅಟೆನ್ಯುಯೇಶನ್ ಕೊಟ್ಟರೆ ಫೇಸ್ ತಪ್ಪೂ ಅಂಚಿಗೆ ಹೋದ ಹಾಗೆ ಬೆಳೆಯುತ್ತೆ. ಆಗ ಯಾವ ಸೈಡ್‌ಲೋಬ್ ತಗ್ಗಿಸಲು ಹೊರಟಿದ್ದೆವೋ ಅದೇ ಮತ್ತೆ ಏಳುತ್ತೆ.

ತೊಂದರೆ ಇರೋದು ಸೀರೀಸ್ ಎಫ್‌ಇಟಿಯಲ್ಲಿ, ಅಂದರೆ ಸಿಗ್ನಲ್ ದಾರಿಯಲ್ಲೇ ಕೂತು ಸ್ವಿಚ್ ಕೆಲಸ ಮಾಡುವ ಟ್ರಾನ್ಸಿಸ್ಟರ್‌ನಲ್ಲಿ. ಆಫ್ ಆದರೂ ಅದು ಪೂರ್ತಿ ಬಾಗಿಲು ಹಾಕುವುದಿಲ್ಲ, ಸಣ್ಣ ಕೆಪಾಸಿಟರ್ ಆಗಿ ಉಳಿಯುತ್ತೆ. 0.05 ಪಿಕೋಫ್ಯಾರಡ್ ಅಂತಿಟ್ಟುಕೊಳ್ಳಿ, 10 ಗಿಗಾಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ (ಅದು ಸಿಗ್ನಲ್‌ಗೆ ಒಡ್ಡುವ ತಡೆ) ಸುಮಾರು 318 ಓಮ್. 50 ಓಮ್ ಲೈನ್‌ನ 16 ಡಿಬಿ ಪೈ ಪ್ಯಾಡ್‌ನಲ್ಲಿ (π ಆಕಾರದಲ್ಲಿ ಜೋಡಿಸಿದ ಮೂರು ರೆಸಿಸ್ಟರ್) ಅದಕ್ಕೆ ಪ್ಯಾರಲಲ್ ಆಗಿರುವ ಸೀರೀಸ್ ರೆಸಿಸ್ಟರ್ 154 ಓಮ್. ಹಾಗಾಗಿ ಒಂದಷ್ಟು ಸಿಗ್ನಲ್ ಕೆಪಾಸಿಟರ್ ಮೂಲಕ ನುಸುಳಿ ಫೇಸ್ ಮುಂದಕ್ಕೆ ತಳ್ಳುತ್ತೆ. ಕೈಯಲ್ಲಿ ಲೆಕ್ಕ ಹಾಕಿದರೂ 18 ಡಿಗ್ರಿಯೇ ಬರುತ್ತೆ, ನಿಮ್ಮ ಸಿಮ್ಯುಲೇಶನ್ ಸರಿಯಾಗೇ ಇದೆ.

ನಾನಾದರೆ ಮೊದಲು ಆ ಬಿಟ್ಟನ್ನು 8 ಡಿಬಿಯ ಎರಡು ಪ್ಯಾಡ್ ಮಾಡುತ್ತೇನೆ. ಸೀರೀಸ್ ರೆಸಿಸ್ಟರ್ 53 ಓಮ್‌ಗೆ ಇಳಿಯುತ್ತೆ, ಅದರೆದುರು 318 ಓಮ್‌ನ ಆಟ ಅಷ್ಟಾಗಿ ನಡೆಯುವುದಿಲ್ಲ. ಎರಡೂ ಸೇರಿ ಸುಮಾರು 8 ಡಿಗ್ರಿಗೆ ಬರುತ್ತೆ. ಉಳಿದದ್ದಕ್ಕೆ ಶಂಟ್ (ಲೈನ್‌ನಿಂದ ಗ್ರೌಂಡ್‌ಗೆ ಇಳಿಯುವ) ರೆಸಿಸ್ಟರ್‌ಗಳಿಗೆ ಪ್ಯಾರಲಲ್ ಆಗಿ ಪುಟ್ಟ ಕೆಪಾಸಿಟರ್ ಹಾಕಿ, ಅದು ಫೇಸನ್ನು ಹಿಂದಕ್ಕೆಳೆಯುತ್ತೆ. ಎಫ್‌ಇಟಿಯನ್ನೇ ಚಿಕ್ಕದು ಮಾಡಬಹುದು ನಿಜ, ಆದರೆ ಆನ್ ರೆಸಿಸ್ಟೆನ್ಸ್ ಏರಿ ಸುಮ್ನೆ ಲಾಸ್ ಜಾಸ್ತಿಯಾಗುತ್ತೆ. ಕೆಪಾಸಿಟರ್ ಹಾಕಿದ ಮೇಲೆ ಡಿಬಿಯೂ ಸ್ವಲ್ಪ ಬದಲಾಗಿರುತ್ತೆ, ರೆಸಿಸ್ಟರ್ ಬೆಲೆಗಳನ್ನು ಮತ್ತೊಮ್ಮೆ ಹೊಂದಿಸಿ.

ಟೇಬಲ್ ಬೇಡ ಅಂತಲ್ಲ. ಆದರೆ ಎರಡೂ 6 ಬಿಟ್ ಆದರೆ 64 ಫೇಸ್, 64 ಅಟೆನ್ಯುಯೇಶನ್ ಸೇರಿ 4096 ಜೋಡಿ. ಪ್ರತಿ ಎಲಿಮೆಂಟ್‌ಗೂ, ಪ್ರತಿ ಫ್ರೀಕ್ವೆನ್ಸಿಗೂ, ಬಿಸಿಯೇರಿದಾಗಲೂ ಅಷ್ಟನ್ನೂ ಅಳೆಯುತ್ತಾ ಕೂರುವವರು ಯಾರು? ಒಂದೊಂದೇ ಬಿಟ್ ನೋಡಿ ಬಿಡಬೇಡಿ, ಸಿಮ್ಯುಲೇಶನ್‌ನಲ್ಲಿ 4096 ಜೋಡಿಯನ್ನೂ ಓಡಿಸಿ. ಒಂದು ಬಿಟ್‌ನ ಮ್ಯಾಚಿಂಗ್ (50 ಓಮ್ ಲೈನ್‌ಗೆ ಹೊಂದಾಣಿಕೆ) ಕೆಟ್ಟಿದ್ದರೆ ಪಕ್ಕದ ಬಿಟ್ ಕೂಡ ಕೆಡುತ್ತೆ, ಅದು ಕಾಣೋದು ಅಲ್ಲೇ.