ಮೌಸ್ ಅಂದರೆ ಇಲಿ ಮಾತ್ರವೇ?

‘ಮೌಸ್’ಗೆ ಇಲಿ ಬಿಟ್ಟು ಬೇರೆ ಅರ್ಥಗಳಿವೆಯೇ ಎಂದು ಕೇಳಿದ್ದೀರಿ. ಮೂಲ ಅರ್ಥ ಚಿಟ್ಟಿಲಿ, ಸುಮಾರು 20 ಗ್ರಾಂ ತೂಗುವ ಮನೆಯಿಲಿ. ಹೆಗ್ಗಣಕ್ಕೆ ಈ ಪದ ಸಲ್ಲದು. ಗಣಪನ ‘ಮೂಷಕ’ವೂ ಇದೇ ಬೇರಿನದು. ಸ್ನಾಯುವಿನ ‘ಮಸಲ್’ ಕೂಡ: ಲ್ಯಾಟಿನ್ನಿನಲ್ಲಿ ‘ಮುಸ್ಕುಲುಸ್’ ಎಂದರೆ ಪುಟ್ಟ ಇಲಿ. ತೋಳು ಮಡಿಸಿ ನೋಡಿ, ಚರ್ಮದಡಿ ಇಲಿ ಓಡಿದಂತೆಯೇ ಕಾಣುತ್ತದೆ. ಅಂಜುಬುರುಕರನ್ನೂ ಇಂಗ್ಲಿಷಿನಲ್ಲಿ ‘ಮೌಸ್’ ಎಂದು ಕರೆಯುವುದುಂಟು.

ಕಂಪ್ಯೂಟರ್ ಮೌಸ್ 1964ರದ್ದು. ಅಮೆರಿಕದ ಡಗ್ಲಾಸ್ ಎಂಗಲ್‌ಬಾರ್ಟ್ ಅವರ ಕಲ್ಪನೆ, ಕಟ್ಟಿದ್ದು ಬಿಲ್ ಇಂಗ್ಲಿಷ್: ಮರದ ಡಬ್ಬಿ, ಅಡಿಯಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಚಕ್ರ, ಮೇಲೊಂದು ಗುಂಡಿ, ಬಾಲದಂಥ ವೈರು. ವೈರ್‌ಲೆಸ್ ಬಂದ ಮೇಲೆ ಬಾಲ ಹೋಯಿತು, ಹೆಸರು ಉಳಿಯಿತು.

ಬಹುವಚನದಲ್ಲಿ ಇಲಿಗೆ ‘ಮೈಸ್’ ಒಂದೇ. ಸಾಧನಕ್ಕೆ ‘ಮೌಸಸ್’ ಎಂದರೂ ನಡೆಯುತ್ತದೆ.